ಬಾಕಿ ವಸೂಲಿಗೆ ದಿವಾಳಿ ವಕೀಲರು: ದಾವಣಗೆರೆಯಲ್ಲಿ ಸಿಗುವ ಸೇವೆ ಹೇಗಿದೆ?

ದಾವಣಗೆರೆಯಲ್ಲಿ ದಿವಾಳಿ ಮತ್ತು ಕಂಪನಿ ಕಾನೂನಿನ ಕೆಲಸ ಮೂರು ಕಡೆ ಸಿಗುತ್ತದೆ. ಜಿಲ್ಲಾ ಕೋರ್ಟಿನ ಸಿವಿಲ್ ವಕೀಲರು, ಆಡಿಟರ್ ಮತ್ತು ಕಂಪನಿ ಸೆಕ್ರೆಟರಿ ಕಚೇರಿಗಳು, ಬೆಂಗಳೂರಿನಲ್ಲಿ ಕೂತು ಇಲ್ಲಿನ ಫೈಲು ತೆಗೆದುಕೊಳ್ಳುವ ವಕೀಲರು. ಹೆಸರು ಹಿಡಿದು ಒಬ್ಬರನ್ನು ಹೊಗಳುವ, ಇನ್ನೊಬ್ಬರನ್ನು ತೆಗಳುವ ಬರಹ ಇದಲ್ಲ. ಈ ಸೇವೆಯಲ್ಲಿ ಯಾವ ಭಾಗ ಗಟ್ಟಿ, ಯಾವ ಭಾಗ ಜೊಳ್ಳು ಅನ್ನುವುದಷ್ಟೇ ಇಲ್ಲಿದೆ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಲಾಯರ್ ನೋಟಿಸು, ಚೆಕ್ ಬೌನ್ಸ್, ಅಡವಿಟ್ಟ ಆಸ್ತಿ ವಶಕ್ಕೆ ಪಡೆಯಲು ಬ್ಯಾಂಕು ಕೊಡುವ ಸರ್ಫೇಸಿ ನೋಟಿಸಿಗೆ ಉತ್ತರ, ವಾಣಿಜ್ಯ ದಾವೆ, ಇಷ್ಟಕ್ಕೆ ಊರು ಬಿಟ್ಟು ಹೋಗಬೇಕಾಗಿಲ್ಲ. ಇಲ್ಲಿನ ಅನುಭವಿ ವಕೀಲರು ಚೆನ್ನಾಗಿಯೇ ಮಾಡುತ್ತಾರೆ. ಕಂಪನಿಗಳ ದಿವಾಳಿ ಪ್ರಕರಣ ಕೇಳುವ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ, ಅಂದರೆ ಎನ್‌ಸಿಎಲ್‌ಟಿಯ ಅರ್ಜಿಗೆ ಮಾತ್ರ ಅದರ ಬೆಂಗಳೂರು ಪೀಠದ ಮುಂದೆ ನಿಂತು ಅಭ್ಯಾಸ ಇರುವವರೇ ಬೇಕು. ಮೂರರಲ್ಲಿ ಯಾರ ಹತ್ತಿರ ಹೋದರೂ ಮೊದಲ ಭೇಟಿಯಲ್ಲಿ ಒಂದು ವಿಷಯ ಗಮನಿಸಿ: ‘ಈ ಬಾಕಿಗೆ ಎನ್‌ಸಿಎಲ್‌ಟಿ ದಾರಿ ಅಲ್ಲ’ ಎಂದು ಹೇಳುವ ಧೈರ್ಯ ಅವರಿಗೆ ಇದೆಯಾ? ಮಂಡಿಪೇಟೆಯಿಂದ, ಎಪಿಎಂಸಿ ಯಾರ್ಡಿನಿಂದ ಹೊರಡುವ ಬಾಕಿ ಫೈಲುಗಳಲ್ಲಿ ಹೆಚ್ಚಿನವಕ್ಕೆ ಅಲ್ಲಿ ಜಾಗವೇ ಇಲ್ಲ.

ಯಾಕೆ ಇಲ್ಲ ಅನ್ನುವುದು ಬಿಲ್ಲಿನ ಮೇಲೇ ಬರೆದಿರುತ್ತದೆ. ಒಳ್ಳೆಯ ವಕೀಲರು ಬಾಕಿ ಎಷ್ಟು ಎಂದು ಕೇಳುವ ಮೊದಲು, ಕೊಡಬೇಕಾದವನು ಯಾರು ಎಂದು ಕೇಳುತ್ತಾರೆ. ಪ್ರೊಪ್ರೈಟರ್ ಅಂಗಡಿಯಾ, ಪಾಲುದಾರಿಕೆ ಫರ್ಮಾ, ಪ್ರೈವೇಟ್ ಲಿಮಿಟೆಡ್ಡಾ? ಖರೀದಿದಾರನ ಜಿಎಸ್‌ಟಿ ನಂಬರು ತೆಗೆದು ಅದರ ಆರನೇ ಅಕ್ಷರ ನೋಡಿ. ಮೊದಲ ಎರಡು ಅಂಕಿ ರಾಜ್ಯದ ಕೋಡ್, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಪ್ಯಾನ್ ನಂಬರು. ಪ್ಯಾನಿನ ನಾಲ್ಕನೇ ಅಕ್ಷರ, ಅಂದರೆ ಜಿಎಸ್‌ಟಿ ನಂಬರಿನ ಆರನೆಯದು, ‘ಪಿ’ ಇದ್ದರೆ ವ್ಯಕ್ತಿ, ‘ಎಚ್’ ಇದ್ದರೆ ಅವಿಭಕ್ತ ಕುಟುಂಬ, ‘ಎಫ್’ ಇದ್ದರೆ ಫರ್ಮು, ‘ಸಿ’ ಇದ್ದರೆ ಕಂಪನಿ. ಎಲ್‌ಎಲ್‌ಪಿಗೂ (ಸೀಮಿತ ಹೊಣೆಯ ಪಾಲುದಾರಿಕೆಗೂ) ‘ಎಫ್’ ಬರುವುದರಿಂದ ಆಗ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹೆಸರು ಹಾಕಿ ಒಮ್ಮೆ ಖಚಿತ ಮಾಡಿಕೊಳ್ಳಬೇಕು. ಎರಡು ನಿಮಿಷದ ಕೆಲಸ. ಇದನ್ನು ಮಾಡದೆ ‘ಎನ್‌ಸಿಎಲ್‌ಟಿಗೆ ಹಾಕಿಬಿಡೋಣ’ ಅನ್ನುವ ಕಚೇರಿಯಿಂದ ಎದ್ದು ಬರುವುದೇ ಲೇಸು.

2016ರ ದಿವಾಳಿ ಸಂಹಿತೆ, ಎಲ್ಲರೂ ಐಬಿಸಿ ಅನ್ನುವ ಕಾನೂನು, ಕಂಪನಿ ಮತ್ತು ಎಲ್‌ಎಲ್‌ಪಿಗಳಿಗೆ 2016ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ವ್ಯಕ್ತಿಗಳು ಮತ್ತು ಪಾಲುದಾರಿಕೆ ಫರ್ಮುಗಳ ಭಾಗವನ್ನು, ಕಂಪನಿ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಬಿಟ್ಟರೆ, ಜಾರಿಗೆ ತಂದಿಲ್ಲ. ಹಾಗಾಗಿ ಅಡತಿ ಅಂಗಡಿಯ ಯಜಮಾನನೊಬ್ಬ ಕೈ ಎತ್ತಿದರೆ ಅನ್ವಯಿಸುವುದು ಬ್ರಿಟಿಷರ ಕಾಲದ 1920ರ ಪ್ರಾಂತೀಯ ದಿವಾಳಿ ಕಾಯಿದೆ, ನಡೆಯುವುದು ಜಿಲ್ಲಾ ಕೋರ್ಟಿನಲ್ಲಿ. ಜನ ‘ಪಾಪರ್ ಆದ’ ಅನ್ನುತ್ತಾರಲ್ಲ, ಅದು ಇದೇ ಲೋಕ. ಅಲ್ಲಿ ಸಾಲ ಕೊಟ್ಟವನ ಕೈಗೆ ಬರುವುದು ಕಡಿಮೆ. ಅಂಥ ಖರೀದಿದಾರನ ಮೇಲೆ ಚೆಕ್ ಇದ್ದರೆ ಚೆಕ್ ಬೌನ್ಸಿನ ಸೆಕ್ಷನ್ 138, ಇಲ್ಲದಿದ್ದರೆ ವಾಣಿಜ್ಯ ದಾವೆ. ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸು ಹೋಗಬೇಕು. ನೋಟಿಸು ಮುಟ್ಟಿದ ಮೇಲೆ ಅವನಿಗೆ 15 ದಿನ, ಅದು ಮುಗಿದ ಒಂದು ತಿಂಗಳೊಳಗೆ ದೂರು. ವಾಣಿಜ್ಯ ದಾವೆಗೆ ಮೊತ್ತ ₹3 ಲಕ್ಷಕ್ಕಿಂತ ಕಡಿಮೆ ಇರಬಾರದು. ತುರ್ತು ಪರಿಹಾರ ಕೇಳದಿದ್ದರೆ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಈ ಮೆಟ್ಟಿಲು ಹಾರಿದರೆ ದಾವೆಯೇ ತಿರಸ್ಕಾರ ಆಗುತ್ತದೆ.

ಸಣ್ಣ ಉದ್ಯಮಗಳ ಎಂಎಸ್‌ಎಂಇ ಕಾಯಿದೆಯ ಹೆಸರಲ್ಲಿ ಇಲ್ಲಿ ಬಹಳ ಜನ ಎಡವುತ್ತಾರೆ. 45 ದಿನದೊಳಗೆ ದುಡ್ಡು ಬರದಿದ್ದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ತಡಪಾವತಿಯ ದೂರು ಕೇಳುವ ಸೌಲಭ್ಯ ಮಂಡಳಿಯ ತೀರ್ಪನ್ನು ಪ್ರಶ್ನಿಸಬೇಕಾದರೆ ಎದುರಿನವನು ಮೊದಲು 75% ಕಟ್ಟಬೇಕು, ಹೀಗೆ ಅದು ಬಲವಾದ ಕಾಯಿದೆ. ಆದರೆ ಆ ಬಲ ಇರುವುದು ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ. ಮಂಡಕ್ಕಿ ಭಟ್ಟಿಯವರಿಗೆ, ಅಕ್ಕಿ ಗಿರಣಿಯವರಿಗೆ, ಚಳ್ಳಕೆರೆಯ ಎಣ್ಣೆ ಮಿಲ್ಲಿನವರಿಗೆ ಅದು ಸಿಗುತ್ತದೆ, ಮಾಲು ಕಳಿಸುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿದ್ದರೆ. ಕೊಂಡು ಮಾರುವ ವ್ಯಾಪಾರಿಗೆ ಉದ್ಯಮ್ ಪ್ರಮಾಣಪತ್ರ ಸಿಗುವುದು ಬ್ಯಾಂಕಿನ ಆದ್ಯತಾ ಸಾಲದ ಮಟ್ಟಿಗೆ ಮಾತ್ರ. ಪ್ರಮಾಣಪತ್ರ ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ತಡಪಾವತಿಯ ಬಡ್ಡಿ ಬರುವುದಿಲ್ಲ. ಈ ವ್ಯತ್ಯಾಸವನ್ನು ಮೊದಲ ದಿನವೇ ಬಿಡಿಸಿ ಹೇಳುವ ಆಡಿಟರ್ ಕಚೇರಿ ಸಿಕ್ಕರೆ ಅದನ್ನು ಬಿಡಬೇಡಿ.

ಇನ್ನು ಖರೀದಿದಾರ ನಿಜವಾಗಿಯೂ ಕಂಪನಿಯೇ ಅಂದುಕೊಳ್ಳೋಣ. ಆಗ ಎರಡನೇ ಗೋಡೆ ಎದುರಾಗುತ್ತದೆ: 2020ರ ಮಾರ್ಚ್ 24ರಿಂದ ಕನಿಷ್ಠ ಬಾಕಿ ₹1 ಕೋಟಿ ಇರಬೇಕು. ಮೊದಲು ₹1 ಲಕ್ಷ ಇತ್ತು. ಹಳೆಯ ಮಿತಿ ತಲೆಯಲ್ಲಿಟ್ಟುಕೊಂಡು ಮಾತಾಡುವವರು ಇನ್ನೂ ಇದ್ದಾರೆ. ನಮ್ಮ ಮೆಕ್ಕೆಜೋಳದ ಲೆಕ್ಕದಲ್ಲಿ ನೋಡಿ. 2024-25ರ ಬೆಂಬಲ ಬೆಲೆ ಕ್ವಿಂಟಾಲಿಗೆ ₹2,225. ಒಂದು ಲಾರಿಗೆ 250 ಕ್ವಿಂಟಾಲ್ ಹಿಡಿದರೆ ಲೋಡಿಗೆ ₹5,56,250. ಒಂದೇ ಕಂಪನಿಗೆ 18 ಲೋಡ್ ಕಳಿಸಿ ಒಂದು ರೂಪಾಯಿಯೂ ಬರದಿದ್ದರೆ ಬಾಕಿ ₹1,00,12,500 ಆಗುತ್ತದೆ, ಆಗಷ್ಟೇ ಆ ಬಾಗಿಲು ತೆರೆಯುತ್ತದೆ. 17 ಲೋಡಾದರೆ ಇಲ್ಲ. ಕೊರತೆ ತುಂಬಲು ‘ಶೇ. 24 ಬಡ್ಡಿ’ ಸೇರಿಸಿ ಕೋಟಿ ದಾಟಿಸುವ ನೋಟಿಸುಗಳು ಹೋಗುತ್ತವೆ. ಬಡ್ಡಿಯ ಮಾತು ಆರ್ಡರಿನಲ್ಲಿ ಅಥವಾ ಎರಡೂ ಕಡೆ ಒಪ್ಪಿದ ಬರಹದಲ್ಲಿ ಇಲ್ಲದಿದ್ದರೆ ಅಂಥ ಲೆಕ್ಕ ನಿಲ್ಲುವುದು ಬಹಳ ಕಷ್ಟ.

ಫೈಲು ಕೆಡುವುದು ಹೆಚ್ಚಾಗಿ ನೋಟಿಸಿನ ಹಂತದಲ್ಲಿ. ಮಾಲು ಅಥವಾ ಸೇವೆ ಕೊಟ್ಟವನು ಐಬಿಸಿಯ ಸೆಕ್ಷನ್ 8ರ ಕೆಳಗೆ ಫಾರಂ 3ರಲ್ಲಿ ನೋಟಿಸು ಕೊಡಬೇಕು, ಇಲ್ಲವೇ ಫಾರಂ 4ರ ಜೊತೆ ಇನ್‌ವಾಯ್ಸ್ ಕಳಿಸಬೇಕು. ಹತ್ತು ದಿನ ಕಾದು, ದುಡ್ಡೂ ಬರದೆ ತಕರಾರೂ ಬರದಿದ್ದರೆ ಸೆಕ್ಷನ್ 9ರಲ್ಲಿ ಫಾರಂ 5ರ ಅರ್ಜಿ. ಸಾಮಾನ್ಯ ಲಾಯರ್ ನೋಟಿಸಿನ ಧಾಟಿಯಲ್ಲಿ ‘15 ದಿನದೊಳಗೆ ಕೊಡತಕ್ಕದ್ದು’ ಎಂದು ಬರೆದು ಕಳಿಸಿದರೆ ಅದು ಫಾರಂ 3 ಆಗುವುದಿಲ್ಲ. ಹೈಕೋರ್ಟಿನಲ್ಲಿ ಹಳೆಯ ಕಂಪನಿ ಕಾಯಿದೆಯ ಕೇಸು ಮಾಡಿದವರ ಕೈಯಲ್ಲಿ 21 ದಿನದ ನೋಟಿಸು ಅಭ್ಯಾಸಬಲದಿಂದ ಬಂದುಬಿಡುತ್ತದೆ. ವಿಳಾಸದಲ್ಲೂ ತಪ್ಪಾಗುತ್ತದೆ. ನೋಟಿಸು ಹೋಗಬೇಕಾದದ್ದು ಕಂಪನಿಯ ನೋಂದಾಯಿತ ಕಚೇರಿಗೆ. ಮಾಲು ಇಳಿದದ್ದು ಹರಿಹರದ ಗೋದಾಮಿನಲ್ಲಿ ಎಂದು ಅಲ್ಲಿಗೇ ಕಳಿಸಿ ಸ್ವೀಕೃತಿ ಇಟ್ಟುಕೊಂಡರೆ ಆ ಚೀಟಿ ಕೆಲಸಕ್ಕೆ ಬರುವುದಿಲ್ಲ. ಪೂರ್ಣಾವಧಿ ನಿರ್ದೇಶಕರಿಗೋ ಮುಖ್ಯ ಅಧಿಕಾರಿಗೋ ಇಮೇಲ್ ಕೂಡ ಕಳಿಸುವ ಅವಕಾಶ ಇದೆ. ಅಂಚೆ ಮತ್ತು ಇಮೇಲ್ ಎರಡನ್ನೂ ಮಾಡಿಸುವವರು ಎಚ್ಚರದ ವಕೀಲರು.

ಎಲ್ಲಕ್ಕಿಂತ ದೊಡ್ಡ ಹೊಂಡ ತಕರಾರು. ನೋಟಿಸು ಕೈಸೇರುವ ಮೊದಲೇ ಮಾಲಿನ ಗುಣಮಟ್ಟದ ಬಗ್ಗೆ, ತೂಕದ ಬಗ್ಗೆ, ದರದ ಬಗ್ಗೆ ನಿಜವಾದ ತಕರಾರು ಇತ್ತು ಎಂದು ಕಂಡರೆ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ತಕರಾರು ಗೆಲ್ಲುವಂಥದ್ದಾ ಎಂದು ಎನ್‌ಸಿಎಲ್‌ಟಿ ನೋಡುವುದಿಲ್ಲ. ಅದು ಬರೀ ನೆಪವಾಗಿರದೆ ನಿಜವಾಗಿ ಇದ್ದರೆ ಸಾಕು ಎಂದು 2017ರ ಮೊಬಿಲಾಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಮ್ಮ ಕಡೆ ಆ ತಕರಾರು ಪತ್ರದಲ್ಲಿ ಬರುವುದಿಲ್ಲ, ಫೋನಿನಲ್ಲಿ ಬರುತ್ತದೆ. ಕೋಳಿ ಆಹಾರದ ಕಂಪನಿಯ ಖರೀದಿ ಮ್ಯಾನೇಜರ್ ವಾಟ್ಸಾಪಿನಲ್ಲಿ ‘ಸಾಹುಕಾರ್ರೇ, ಮಾಲು ಹಸಿ ಐತಿ, ಮಾಯಿಶ್ಚರ್ 17 ಬಂದೈತಿ, ಎರಡು ಲೋಡಿಗೆ ರೇಟು ಕಟ್ ಮಾಡ್ತೀವಿ’ ಎಂದು ಹಾಕಿರುತ್ತಾನೆ. ಇತ್ತ ಕಡೆಯಿಂದ ‘ಆಯ್ತು ನೋಡೋಣ’ ಎಂದು ಉತ್ತರ ಹೋಗಿರುತ್ತದೆ. ಆ ಒಂದು ಸಾಲು ಹದಿನೆಂಟು ಲೋಡಿನ ಅರ್ಜಿಯನ್ನು ಉರುಳಿಸಬಲ್ಲದು. ಆದ್ದರಿಂದ ವಕೀಲರು ಬಿಲ್ಲುಗಳ ಜೊತೆ ವಾಟ್ಸಾಪ್ ಸಂಭಾಷಣೆ ಪೂರ್ತಿ ತರಿಸಿಕೊಂಡು ಓದುತ್ತಾರಾ ನೋಡಿ. ‘ಅದೆಲ್ಲ ಬೇಡ, ಬಿಲ್ಲು ಕೊಡಿ ಸಾಕು’ ಅನ್ನುವವರು ಫೀಸು ತೆಗೆದುಕೊಂಡು ಮುಂದೆ ತಲೆ ಕೆರೆದುಕೊಳ್ಳುವವರು.

ಕಾಗದಗಳ ವಿಚಾರದಲ್ಲಿ ಆಡಿಟರ್ ಕಚೇರಿಗಳೇ ಮೇಲು, ಇದನ್ನು ಒಪ್ಪಲೇಬೇಕು. ಇನ್‌ವಾಯ್ಸ್, ಇ-ವೇ ಬಿಲ್, ಲಾರಿ ರಸೀತಿ, ವೇಬ್ರಿಡ್ಜ್ ಚೀಟಿ, ಜಿಎಸ್‌ಟಿಆರ್-1, ಜಿಎಸ್‌ಟಿಆರ್-3ಬಿ, ಲೆಡ್ಜರ್, ಬ್ಯಾಂಕ್ ಸ್ಟೇಟ್‌ಮೆಂಟ್, ಇವನ್ನು ಲೋಡಿನ ಲೆಕ್ಕದಲ್ಲಿ ಜೋಡಿಸುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಬಾಕಿಯ ವಿವರವನ್ನು ಬೆಂಗಳೂರಿನ ಎನ್‌ಇಎಸ್‌ಎಲ್ ಎಂಬ ಮಾಹಿತಿ ಸಂಸ್ಥೆಯಲ್ಲಿ ದಾಖಲಿಸುವ ಕೆಲಸವನ್ನೂ ಅವರಿಂದ ಮಾಡಿಸಬಹುದು. 2013ರ ಕಂಪನಿ ಕಾಯಿದೆಯ ಸೆಕ್ಷನ್ 432ರ ಪ್ರಕಾರ ಚಾರ್ಟರ್ಡ್ ಅಕೌಂಟೆಂಟ್, ಕಂಪನಿ ಸೆಕ್ರೆಟರಿ ಕೂಡ ಎನ್‌ಸಿಎಲ್‌ಟಿ ಮುಂದೆ ವಾದಿಸಬಹುದು. ಆದರೆ ತಕರಾರು, ಕಾಲಮಿತಿ, ಮೇಲ್ಮನವಿ ಎಂಬ ಮಾತು ಬಂದಾಗ ಕೋರ್ಟಿನಲ್ಲಿ ಪಳಗಿದ ವಕೀಲರಿಲ್ಲದೆ ಆಗುವುದಿಲ್ಲ. ಕಾಗದ ಇಲ್ಲಿ ಜೋಡಿಸಿ, ಅರ್ಜಿಯ ಬರವಣಿಗೆ ಮತ್ತು ವಾದ ಬೆಂಗಳೂರಿನವರಿಗೆ ಕೊಡುವ ಜೋಡಿ ವ್ಯವಸ್ಥೆಯೇ ಇಲ್ಲಿನ ವ್ಯಾಪಾರಿಗೆ ಹೊಂದುತ್ತದೆ.

ವಕೀಲರ ಹಿನ್ನೆಲೆ ನೋಡುವುದು ಹೇಗೆ? ಪದವಿ ಎಲ್ಲರಿಗೂ ಒಂದೇ: ಪದವಿ ನಂತರ ಮೂರು ವರ್ಷ ಅಥವಾ ಪಿಯುಸಿ ನಂತರ ಐದು ವರ್ಷದ ಕಾನೂನು ಓದು, ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಅಖಿಲ ಭಾರತ ಬಾರ್ ಪರೀಕ್ಷೆ. ದಾವಣಗೆರೆಯ ಆರ್.ಎಲ್. ಕಾನೂನು ಕಾಲೇಜಿನಲ್ಲಿ ಓದಿದವರಾಗಲಿ, ಚಿತ್ರದುರ್ಗದ ಸರಸ್ವತಿ ಕಾನೂನು ಕಾಲೇಜಿನವರಾಗಲಿ, ದಿವಾಳಿ ಕಾನೂನು ಕಲಿಯುವುದು ಆಮೇಲೆ, ಹಿರಿಯರ ಕೈಕೆಳಗೆ. ಆ ದಾರಿ ಯಾವುದಿತ್ತು ಎಂದು ಕೇಳಿ. ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ, ಅಂದರೆ ಡಿಆರ್‌ಟಿಯಲ್ಲಿ ಪಳಗಿದವರಿಗೆ ಬ್ಯಾಂಕಿನ ಒಳಮರ್ಮ ಗೊತ್ತಿರುತ್ತದೆ. ಹೈಕೋರ್ಟಿನ ಕಂಪನಿ ವಿಭಾಗದಿಂದ ಬಂದವರಿಗೆ ಷೇರು, ನಿರ್ದೇಶಕರ ಜಗಳ ಚೆನ್ನಾಗಿ ಬರುತ್ತದೆ. 2016ರ ನಂತರ ನೇರವಾಗಿ ಎನ್‌ಸಿಎಲ್‌ಟಿಯಲ್ಲೇ ಬೆಳೆದವರಿಗೆ ಅರ್ಜಿಯ ನಮೂನೆಗಳು ಬಾಯಿಪಾಠ. ಎನ್‌ಸಿಎಲ್‌ಟಿಯ ಆದೇಶಗಳು ಅದರ ಜಾಲತಾಣದಲ್ಲೇ ಸಿಗುತ್ತವೆ, ಯಾರ ಪರ ಯಾವ ವಕೀಲರು ಹಾಜರಿದ್ದರು ಎಂಬುದು ಮೊದಲ ಪುಟದಲ್ಲೇ ಇರುತ್ತದೆ. ‘ನಿಮ್ಮ ನಾಲ್ಕು ಆದೇಶ ತೋರಿಸಿ’ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ವಕೀಲರು ಬೇರೆ, ಇನ್‌ಸಾಲ್ವೆನ್ಸಿ ಪ್ರೊಫೆಷನಲ್ ಬೇರೆ. ಎರಡನೆಯವರು ಭಾರತೀಯ ದಿವಾಳಿ ಮಂಡಳಿಯಲ್ಲಿ, ಐಬಿಬಿಐಯಲ್ಲಿ ನೋಂದಾಯಿಸಿಕೊಂಡು, ಎನ್‌ಸಿಎಲ್‌ಟಿ ಅರ್ಜಿಯನ್ನು ಅಂಗೀಕರಿಸಿದ ಮೇಲೆ ಕಂಪನಿಯ ಆಡಳಿತವನ್ನೇ ಕೈಗೆ ತೆಗೆದುಕೊಳ್ಳುವವರು. ವಕೀಲರಾಗಿ, ಸಿಎ ಆಗಿ, ಕಂಪನಿ ಸೆಕ್ರೆಟರಿಯಾಗಿ ಹತ್ತು ವರ್ಷ ಅನುಭವ ಇದ್ದವರು ಪರೀಕ್ಷೆ ಬರೆದು ಹೀಗಾಗಬಹುದು. ಕಾರ್ಡಿನ ಮೇಲೆ ಎರಡೂ ಇದ್ದರೆ ತಪ್ಪೇನಿಲ್ಲ, ಆದರೆ ಒಂದೇ ಪ್ರಕರಣದಲ್ಲಿ ಎರಡೂ ಪಾತ್ರ ಮಾಡುವ ಹಾಗಿಲ್ಲ. ಇನ್ನೊಂದು ಪ್ರಶ್ನೆ ನಮ್ಮಂಥ ಊರಿಗೆ ಬಹಳ ಮುಖ್ಯ: ‘ನೀವು ಯಾವ ಬ್ಯಾಂಕಿನ ಪ್ಯಾನೆಲ್‌ನಲ್ಲಿದ್ದೀರಿ?’ ಎದುರಾಳಿ ಕಂಪನಿಗೆ ಸಾಲ ಕೊಟ್ಟ ಬ್ಯಾಂಕಿನ ವಕೀಲರೇ ಇವರಾಗಿದ್ದರೆ, ಮಾಲು ಕೊಟ್ಟವನ ಹಿತ ಮತ್ತು ಬ್ಯಾಂಕಿನ ಹಿತ ಮುಂದೆ ಡಿಕ್ಕಿ ಹೊಡೆಯುವುದು ಖಂಡಿತ.

ಸಾಲ ಮಾಡಿದವರ ಕಡೆಗೆ ಬರೋಣ. ಹತ್ತಿ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ಕಂಡ ಊರು ಇದು, ಗಿರಣಿ ಮಾಲೀಕರಿಗೆ ಬ್ಯಾಂಕಿನ ನೋಟಿಸು ಅಂದರೆ ಎದೆ ಝಲ್ ಅನ್ನುತ್ತದೆ. ಸರ್ಫೇಸಿ ಕಾಯಿದೆಯ 13(2) ನೋಟಿಸು ಬಂದ ಮೇಲೆ 60 ದಿನ ಇದೆ. ಅಷ್ಟರೊಳಗೆ ಲಿಖಿತ ಆಕ್ಷೇಪ ಕೊಟ್ಟರೆ ಬ್ಯಾಂಕು 15 ದಿನದಲ್ಲಿ ಕಾರಣ ಸಮೇತ ಉತ್ತರ ಕೊಡಲೇಬೇಕು. ಸ್ವಾಧೀನಕ್ಕೆ ಕೈ ಹಾಕಿದ ದಿನದಿಂದ 45 ದಿನದೊಳಗೆ ಡಿಆರ್‌ಟಿಗೆ ಹೋಗಬೇಕು. ಅಡವಿಟ್ಟ ಸರ್ವೆ ನಂಬರು ಇನ್ನೂ ಕೃಷಿ ಭೂಮಿಯೇ ಆಗಿದ್ದರೆ ಸರ್ಫೇಸಿ ಅದಕ್ಕೆ ತಟ್ಟುವುದಿಲ್ಲ. ಪಹಣಿ, ಭೂಪರಿವರ್ತನೆ ಆದೇಶ ಓದುವುದರಲ್ಲಿ ಜಿಲ್ಲಾ ಕೋರ್ಟಿನ ವಕೀಲರಿಗೆ ಸಾಟಿಯಿಲ್ಲ. ಬೆಂಗಳೂರಿನ ಕಂಪನಿ ವಕೀಲರು ತಿಂಗಳಾದರೂ ಹಿಡಿಯದ ಅಂಶವನ್ನು ಇವರು ಒಂದು ಪಹಣಿಯಲ್ಲಿ ಹಿಡಿಯುತ್ತಾರೆ.

ಈ ಸೇವೆಯಲ್ಲಿ ನಿಜಕ್ಕೂ ಕೊರತೆ ಕಾಣುವುದು ಎರಡು ಕಡೆ. ಒಂದು, ಸಣ್ಣ ಉದ್ಯಮದ ಕಂಪನಿಗಳಿಗೆಂದೇ 2021ರ ಏಪ್ರಿಲ್‌ನಲ್ಲಿ ಬಂದ ಪ್ರೀ-ಪ್ಯಾಕ್, ಅಂದರೆ ಮೊದಲೇ ಮಾತುಕತೆ ಮುಗಿಸಿ ಸಾಲ ಇತ್ಯರ್ಥ ಮಾಡುವ ವಿಧಾನ. ಬಾಕಿ ಕನಿಷ್ಠ ₹10 ಲಕ್ಷ ಇದ್ದರೆ ಸಾಕು, 120 ದಿನದ ಅವಧಿ. ಗಿರಣಿಯ ಆಡಳಿತ ಮಾಲೀಕರ ಕೈಯಲ್ಲೇ ಉಳಿಯುತ್ತದೆ. ಸಂಬಂಧಿಕರಲ್ಲದ, ಹಣಕಾಸು ಸಾಲ ಕೊಟ್ಟವರ, ಅಂದರೆ ಮುಖ್ಯವಾಗಿ ಬ್ಯಾಂಕಿನ, 66% ಒಪ್ಪಿಗೆ ಮೊದಲೇ ಪಡೆಯಬೇಕು. ಮಾಮೂಲಿ ದಿವಾಳಿ ಪ್ರಕ್ರಿಯೆಯಲ್ಲಿ ಅರ್ಜಿ ಅಂಗೀಕಾರವಾದ ದಿನವೇ ಆಡಳಿತ ಕೈತಪ್ಪುವುದನ್ನು ನೆನೆದರೆ ಇದು ಎಷ್ಟು ದೊಡ್ಡ ಅನುಕೂಲ! ಆದರೂ ಇದರ ಮಾತೇ ಎತ್ತದ ಕಚೇರಿಗಳು ಹೆಚ್ಚು. ಎರಡನೆಯದು ವೈಯಕ್ತಿಕ ಜಾಮೀನು. ಕಂಪನಿ ಸಾಲಕ್ಕೆ ಹೆಂಡತಿ, ತಮ್ಮ, ಅತ್ತಿಗೆ ಎಲ್ಲರೂ ಸಹಿ ಹಾಕಿರುತ್ತಾರೆ. ಕಂಪನಿಯ ಸಾಲ ದಿವಾಳಿ ಪ್ರಕ್ರಿಯೆಯ ಪರಿಹಾರ ಯೋಜನೆಯಲ್ಲಿ ಮುಗಿದರೂ ಜಾಮೀನುದಾರರ ಹೊಣೆ ತಾನಾಗಿ ಮುಗಿಯುವುದಿಲ್ಲ ಎಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದೆ. ಸೆಕ್ಷನ್ 95ರಲ್ಲಿ ಅವರ ಮೇಲೆ ನೇರವಾಗಿ ಅರ್ಜಿ ಬರಬಹುದು. ಕಂಪನಿಯ ಫೈಲು ತೆರೆಯುವ ದಿನವೇ ಜಾಮೀನು ಪತ್ರಗಳನ್ನು ಕೇಳಿ ಪಡೆಯದ ವಕೀಲರು ಅರ್ಧ ಮನೆಯನ್ನು ಬಿಸಿಲಿಗೆ ಬಿಟ್ಟಂತೆ.

ಬೇರೆ ಯಾರೋ ಹಾಕಿದ ಅರ್ಜಿಯಿಂದ ಖರೀದಿದಾರ ಕಂಪನಿ ಈಗಾಗಲೇ ದಿವಾಳಿ ಪ್ರಕ್ರಿಯೆಗೆ ಹೋಗಿದ್ದರೆ ಖರ್ಚು ಕಡಿಮೆ. ಒಂದು ಇಂಗ್ಲಿಷ್, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, 14 ದಿನದ ಅವಧಿ ಕೊಟ್ಟಿರುತ್ತಾರೆ. ಮಾಲು ಕೊಟ್ಟವರು ಫಾರಂ ಬಿ, ಕಾರ್ಮಿಕರು ಫಾರಂ ಡಿ ತುಂಬಿ ಕಳಿಸಬೇಕು. ಕೋರ್ಟ್ ಫೀ ಇಲ್ಲ, ವಕೀಲರು ಬೇಕೇಬೇಕು ಅಂತೇನೂ ಇಲ್ಲ. ‘ಇದನ್ನು ನಿಮ್ಮ ಗುಮಾಸ್ತರೇ ತುಂಬಲಿ, ನಾನು ಒಮ್ಮೆ ನೋಡಿಕೊಡ್ತೀನಿ’ ಅನ್ನುವ ವಕೀಲರು ನಂಬಿಕೆಗೆ ಯೋಗ್ಯರು. ಎಷ್ಟು ಬರುತ್ತದೆ ಎಂಬ ವಿಚಾರದಲ್ಲೂ ಅವರು ಸತ್ಯ ಹೇಳಬೇಕು. ಪ್ರಕ್ರಿಯೆಯ ಖರ್ಚು, ಬ್ಯಾಂಕಿನ ಅಡಮಾನ ಸಾಲ, ಕಾರ್ಮಿಕರ ಬಾಕಿ ಮುಂದೆ ನಿಲ್ಲುತ್ತವೆ, ಮಾಲು ಕೊಟ್ಟವರು ಸಾಲಿನ ಹಿಂದೆ. ಕೈಗೆ ಏನೂ ಬರದಿರುವುದೂ ಉಂಟು.

ಫೀಸಿನ ಮಾತು. ಸೆಕ್ಷನ್ 9ರ ಅರ್ಜಿ ಶುಲ್ಕ ₹2,000, ಬ್ಯಾಂಕಿನಂಥ, ಹಣಕಾಸು ಸಾಲ ಕೊಟ್ಟವರಿಗೂ ಸ್ವತಃ ಅರ್ಜಿ ಹಾಕುವ ಕಂಪನಿಗೂ ₹25,000. ಇದನ್ನು ಬಿಟ್ಟು ವಕೀಲರ ಫೀಸು, ಓಡಾಟ, ಅರ್ಜಿ ಅಂಗೀಕಾರವಾದ ಮೇಲೆ ಮಧ್ಯಂತರ ಇನ್‌ಸಾಲ್ವೆನ್ಸಿ ಪ್ರೊಫೆಷನಲ್ ಅವರ ಆರಂಭಿಕ ಖರ್ಚಿಗೆ ಅರ್ಜಿದಾರನೇ ಕಟ್ಟಬೇಕೆಂದು ಪೀಠ ಹೇಳಬಹುದಾದ ಹಣ, ಎಲ್ಲವನ್ನೂ ಬರೆದು ತೆಗೆದುಕೊಳ್ಳಿ. ವಕೀಲರ ಬಿಲ್ಲಿನ ಮೇಲೆ 18% ಜಿಎಸ್‌ಟಿಯನ್ನು ರಿವರ್ಸ್ ಚಾರ್ಜ್‌ನಲ್ಲಿ ವ್ಯಾಪಾರಿಯೇ ಕಟ್ಟಬೇಕಾಗುತ್ತದೆ, ಬಜೆಟ್ಟಿನಲ್ಲಿ ಅದೂ ಇರಲಿ. ‘ವಸೂಲಾದದ್ದರಲ್ಲಿ ಹತ್ತು ಪರ್ಸೆಂಟ್ ಕೊಡಿ ಸಾಕು’ ಎಂಬ ಮಾತು ಬಂದರೆ ಅಲ್ಲಿಗೇ ನಿಲ್ಲಿಸಿ. ಫಲಿತಾಂಶದ ಮೇಲೆ ಫೀಸು ಗೊತ್ತುಮಾಡುವುದನ್ನು ವಕೀಲರ ಪರಿಷತ್ತಿನ ನಿಯಮ ನಿಷೇಧಿಸಿದೆ. ‘ಅರ್ಜಿ ಹಾಕಿ ಹೆದರಿಸೋಣ, ದುಡ್ಡು ತಾನಾಗಿ ಬರುತ್ತೆ’ ಎಂಬುದೂ ಅಪಾಯದ ಸಲಹೆ. ದುರುದ್ದೇಶದಿಂದ ಅರ್ಜಿ ಹಾಕಿದ್ದು ಕಂಡರೆ ಸೆಕ್ಷನ್ 65ರಲ್ಲಿ ₹1 ಲಕ್ಷದಿಂದ ₹1 ಕೋಟಿವರೆಗೆ ದಂಡ ಇದೆ. ಸಾಲ ಕೊಟ್ಟವರ ಸಮಿತಿ ರಚನೆಯಾದ ಮೇಲೆ ರಾಜಿ ಆದರೂ ಅರ್ಜಿ ವಾಪಸಿಗೆ ಸಮಿತಿಯ 90% ಮತ ಬೇಕು.

ಕೊನೆಯದಾಗಿ ತಾರೀಖು. ಬಾಕಿ ಬಿದ್ದ ದಿನದಿಂದ ಮೂರು ವರ್ಷ ಕಾಲಮಿತಿ, ಒಂದೊಂದು ಬಿಲ್ಲಿಗೂ ಅದರದೇ ಎಣಿಕೆ. 2020ರ ಮಾರ್ಚ್ 25ರಿಂದ ಒಂದು ವರ್ಷದೊಳಗೆ ಬಿದ್ದ ಬಾಕಿಗಳ ಮೇಲಂತೂ ದಿವಾಳಿ ಅರ್ಜಿ ಎಂದಿಗೂ ಆಗದು. ಮೂರು ವರ್ಷ ತುಂಬುವ ಮೊದಲು ಎದುರಿನ ಕಂಪನಿಯಿಂದ ಸಹಿ ಸಮೇತ ಬಾಕಿ ಒಪ್ಪಿಗೆ ಪತ್ರ ಬಂದರೆ ಎಣಿಕೆ ಆ ದಿನದಿಂದ ಮತ್ತೆ ಶುರು. ತುಂಬಿದ ಮರುದಿನ ಬಂದ ಸಹಿಗೆ ಆ ಬೆಲೆ ಇಲ್ಲ. ಪ್ರತಿ ಮಾರ್ಚಿನಲ್ಲಿ ಲೆಕ್ಕ ಮುಗಿಸುವಾಗ ಲೆಡ್ಜರಿನ ಪ್ರತಿಯ ಕೆಳಗೆ ಕಂಪನಿಯ ಸೀಲು, ಅಧಿಕಾರ ಇರುವವರ ಸಹಿ, ತಾರೀಖು ಮೂರನ್ನೂ ಹಾಕಿಸಿಕೊಂಡು ಮೂಲಪ್ರತಿಯನ್ನು ಬಿಲ್ಲಿನ ಫೈಲಿಗೇ ಸೇರಿಸಿ. ವಕೀಲರ ಮೊದಲ ಭೇಟಿಗೆ ಹೋಗುವಾಗ ಆ ಹಾಳೆ ಎಲ್ಲಕ್ಕಿಂತ ಮೇಲಿರಲಿ.